ಕಲಕಿದ ಮೇಲಿನ ಅರ್ಧ ಗಂಟೆ

ಸಗಣಿ ರಾಡಿ ಕಲಕುವ ವಿಷಯದಲ್ಲಿ ಸೆನನ್ ಟಾಲ್ಟಿಯಷ್ಟು ಮಡಿವಂತ ಮನುಷ್ಯ ಇಡೀ ಪಶ್ಚಿಮ ಕ್ಲೇರ್ ಸೀಮೆಯಲ್ಲಿ ಇನ್ನೊಬ್ಬನಿಲ್ಲ.

ಚಳಿಗಾಲವಿಡೀ ದನಗಳು ಕೊಟ್ಟಿಗೆಯೊಳಗೇ ನಿಂತು ಮೇಯುತ್ತವೆ. ಅವು ಹಾಕಿದ್ದೆಲ್ಲ ಕಾಂಕ್ರೀಟ್ ಪಟ್ಟಿಗಳ ಸಂದಿನಿಂದ ಜಾರಿ ಕೆಳಗಿನ ಟ್ಯಾಂಕಿಗೆ ಬೀಳುತ್ತದೆ. ಅಲ್ಲಿ ಅದು ಮೇಲೆ ಹಕ್ಕಳೆ ಕಟ್ಟಿ, ತಳದಲ್ಲಿ ಗಸಿಯಾಗಿ ಕೂತು, ನಡುವೆ ಬರೀ ನೀರಾಗಿ ನಿಲ್ಲುತ್ತದೆ. ಹಾಗೇ ಎತ್ತಿ ಹುಲ್ಲುಗಾವಲಿಗೆ ಹೊಡೆದರೆ ಒಂದು ಕಡೆ ತೆಳ್ಳಗೆ ನೀರು, ಇನ್ನೊಂದು ಕಡೆ ಮಂದ ಕೆಸರು. ಆದ್ದರಿಂದ ಮಾರ್ಚ್ ಬಂತೆಂದರೆ ಸೆನನ್ ತನ್ನ ಟ್ರ್ಯಾಕ್ಟರಿಗೆ ಕಲಕುವ ಯಂತ್ರ ಸಿಕ್ಕಿಸಿಕೊಂಡು ನೆರೆಮನೆಗಳಿಗೆ ಹೊರಡುತ್ತಾನೆ. ಹಿಂದೆ ಅವನ ನಿಯಮಗಳೂ ಹೊರಡುತ್ತವೆ.

ಒಂದು ಕರುವೂ ಒಳಗಿರಕೂಡದು. ಎಲ್ಲ ಬಾಗಿಲೂ ತೆರೆದಿರಬೇಕು. ಗಾಳಿ ಜೋರಾಗಿ ಬೀಸುತ್ತಿರಬೇಕು. ಯಂತ್ರ ಶುರುವಾದ ಮೇಲೆ ಅರ್ಧ ಗಂಟೆ ಯಾರೂ ಕೊಟ್ಟಿಗೆಯ ಕಡೆ ಸುಳಿಯಕೂಡದು. ಹಕ್ಕಳೆ ಒಡೆದಾಗ ಏಳುವ ವಿಷಗಾಳಿ ಮೊದಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ, ಆಮೇಲೆ ಮೂಗನ್ನು ಸಾಯಿಸುತ್ತದೆ, ಆಮೇಲೆ ಮೂಗಿನ ಯಜಮಾನನನ್ನು. ನಡುವೆ ಯಂತ್ರ ನಿಲ್ಲಿಸಿ ಮತ್ತೆ ಶುರುಮಾಡಿದರೆ ಅರ್ಧ ಗಂಟೆಯೂ ಮೊದಲಿನಿಂದ ಶುರು. ಎಲ್ಲಕ್ಕಿಂತ ದೊಡ್ಡ ನಿಯಮ, ಒಬ್ಬನೇ ಎಂದೂ ಕಲಕಕೂಡದು. ಗಾಳಿ ಬರುವ ಕಡೆ ಎರಡನೆಯವರೊಬ್ಬರು ನಿಂತಿರಲೇಬೇಕು. ಪಾದ್ರಿ ಭಾನುವಾರದ ಪೂಜೆಯಲ್ಲಿ ಒಂದೆರಡು ಸಾಲು ನುಂಗಿದರೂ ನುಂಗಿಯಾರು, ಸೆನನ್ ತನ್ನ ನಿಯಮದಲ್ಲಿ ಅರ್ಧ ಪದ ಬಿಡುವವನಲ್ಲ.

ಬೇರೆಯವರ ಮನೆಗಳಲ್ಲಿ ಆ ಅರ್ಧ ಗಂಟೆ ಅವನು ದೂರದಲ್ಲಿ ನಿಂತ ಆ ಮನೆಯವರ ವ್ಯಾನಿನೊಳಗೆ ಕೂತು ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತ, ರೇಡಿಯೋದಲ್ಲಿ ಇವತ್ತು ತೀರಿಕೊಂಡವರ ಹೆಸರು ಕೇಳುತ್ತಾನೆ. ನೆರೆಯ ವಿಧವೆ ನೊರೀನ್ ಮನೆಯಲ್ಲಿ ಮಾತ್ರ ಗೇಟಿಗೆ ಒರಗಿ ಅವಳ ಪಕ್ಕ ನಿಲ್ಲುತ್ತಾನೆ. ಅದೇನು ವಿಚಿತ್ರವೋ, ನೊರೀನ್ ಟ್ಯಾಂಕಿನಲ್ಲಿ ಪ್ರತಿ ವರ್ಷ ಯಂತ್ರದ ರೆಕ್ಕೆಗೆ ಹುಲ್ಲಿನ ಉಂಡೆ ಕಟ್ಟುವ ಹುರಿ ಸುತ್ತಿಕೊಳ್ಳುತ್ತದೆ. ಯಂತ್ರ ನಿಲ್ಲಿಸಬೇಕು, ಎತ್ತಬೇಕು, ಹುರಿ ಬಿಡಿಸಬೇಕು, ಮತ್ತೆ ಶುರುಮಾಡಬೇಕು. ಮತ್ತೆ ಅರ್ಧ ಗಂಟೆ ಗೇಟಿನ ಹತ್ತಿರ. ಸುತ್ತಮುತ್ತ ಹುರಿ ಸಿಕ್ಕಿಕೊಳ್ಳುವ ಟ್ಯಾಂಕ್ ಅದೊಂದೇ ಎಂದು ಎಲ್ಲರಿಗೂ ಗೊತ್ತು. ಆದರೆ ನಮ್ಮವರು ಸತ್ತವರ ಬಗ್ಗೆ, ಮಳೆಯ ಬಗ್ಗೆ, ಪಕ್ಕದವನ ಬೇಲಿಯ ಬಗ್ಗೆ ದಿನವಿಡೀ ಮಾತಾಡಬಲ್ಲರು. ಎದುರಿಗೆ ನಿಂತವರ ವಿಷಯ ಬಂದರೆ ಬಾಯಿಗೆ ಬೀಗ.

ನೊರೀನ್ ಗಂಡ ಫ್ಲಾನನ್ ಹೋಗಿ ಬಹಳ ವರ್ಷವಾಯಿತು. ಟೀವಿಯಲ್ಲಿ ಕ್ಲೇರಿನ ಹರ್ಲಿಂಗ್ ಎಂಬ ಕೋಲುಚೆಂಡಿನ ಪಂದ್ಯ ನೋಡುತ್ತಿದ್ದವನು ಕೊನೆಯ ನಿಮಿಷದಲ್ಲಿ ಎದ್ದು ನಿಂತು ಕೂಗಿದ, ಹಾಗೇ ಸೋಫಾದ ಮೇಲೆ ಕುಸಿದ. ಗೆದ್ದವರು ಯಾರೆಂದೂ ಅವನಿಗೆ ತಿಳಿಯಲಿಲ್ಲ. ಅಂದಿನಿಂದ ದನಗಳನ್ನೂ ಅತ್ತೆ ಡೀಲಿಯಾಳನ್ನೂ ನೊರೀನ್ ಒಬ್ಬಳೇ ನೋಡಿಕೊಳ್ಳುತ್ತಿದ್ದಾಳೆ. ಎರಡರಲ್ಲಿ ದನಗಳೇ ಹೇಳಿದ ಮಾತು ಕೇಳುವುದು.

ಆ ದಿನ ಅಟ್ಲಾಂಟಿಕ್ ಕಡೆಯಿಂದ ಗಾಳಿ ಹದವಾಗಿ ಬೀಸುತ್ತಿತ್ತು. ಸೆನನ್ ಮುಖ ಕ್ಷೌರ ಮಾಡಿಕೊಂಡು, ಕೆನ್ನೆಗೆ ಪರಿಮಳದ ನೀರು ಹಚ್ಚಿಕೊಂಡು, ಒಗೆದ ಅಂಗಿ ಹಾಕಿಕೊಂಡು ಮನೆಯ ಮುಂದೆ ಬಂದಿಳಿದ. ಸಗಣಿ ಕಲಕಲು ಯಾರಾದರೂ ಹೀಗೆ ಸಿಂಗರಿಸಿಕೊಂಡು ಬರುತ್ತಾರೆಯೇ ಎಂದು ಅಡುಗೆಮನೆಯ ಕಿಟಕಿಯಲ್ಲಿ ಕೂತಿದ್ದ ಡೀಲಿಯಾ ಕೇಳಿಯೇ ಬಿಟ್ಟಳು.

"ಏನೋ ಸೆನನ್, ಟ್ಯಾಂಕಿಗೆ ಮುತ್ತು ಕೊಡಕ್ಕೆ ಬಂದಿದ್ಯಾ?"

"ಇಲ್ಲ ಡೀಲಿಯಾಮ್ಮ, ಆಮೇಲೆ ಪೇಟೆಗೆ ಹೋಗೋದಿದೆ."

"ಹೋಗು ಹೋಗು. ಪೇಟೆಯೋರು ನಿನ್ನ ವಾಸನೆ ನೋಡಿ ಅಲ್ಲಿಂದಲೇ ಓಡ್ತಾರೆ."

ಆ ಮನೆಯ ಜಾಗವೇ ಹಾಗೆ. ಮನೆ ಗಾಳಿ ಬರುವ ಕಡೆ, ಗೇಟು ಅದರ ಕೆಳಗೆ, ಕೊಟ್ಟಿಗೆ ಇನ್ನೂ ಕೆಳಗೆ. ಡೀಲಿಯಾ ಕಿಟಕಿಯಲ್ಲಿ ಗೊಣಗಿದ್ದೂ ಗೇಟಿನ ಹತ್ತಿರ ಸ್ಪಷ್ಟವಾಗಿ ಕೇಳುತ್ತದೆ. ಗೇಟಿನವರು ಕೂಗಿಕೊಂಡರೂ ಅವಳಿಗೆ ಒಂದಕ್ಷರ ಕೇಳದು. ಇದು ತನಗೆ ದೇವರು ಮಾಡಿದ ಅನ್ಯಾಯ ಎಂದು ಅವಳು ಪಾದ್ರಿಯ ಹತ್ತಿರವೇ ದೂರಿದ್ದಳು. ಕೇಕ್ ಬೇಯಿಸುವಾಗ ಇಡುವ ಗಂಟೆ ಗಡಿಯಾರವನ್ನು ಕಿಟಕಿಯ ಮೇಲಿಟ್ಟುಕೊಂಡು, ಅರ್ಧ ಗಂಟೆ ಲೆಕ್ಕ ಹಿಡಿಯುವ ಕೆಲಸ ಮಾತ್ರ ಅವಳದು. ಆ ಕಿಟಕಿಯಿಂದ ಅವಳು ನೋಡುವ ನೋಟಕ್ಕೆ ಸೆನನ್ ಹೆದರುತ್ತಿದ್ದ. ಮಗ ಸತ್ತ ಮನೆ, ಸೊಸೆ ಗೇಟಿನಲ್ಲಿ ಇನ್ನೊಬ್ಬನ ಜತೆ ನಗುತ್ತ ನಿಂತರೆ ಆ ಮುದುಕಿಗೆ ಏನನ್ನಿಸುತ್ತದೋ ಎಂದು ಅವನ ಬಾಯಿಗೆ ಬಂದ ಮಾತು ಪ್ರತಿ ವರ್ಷ ಹೊಟ್ಟೆಗೇ ವಾಪಸಾಗುತ್ತಿತ್ತು.

ಇಬ್ಬರೂ ಸೇರಿ ದನಗಳನ್ನು ಹೊರಗೆ ಹೊಡೆದರು. ಎಲ್ಲ ಹೋದ ಮೇಲೂ ಬಿಳಿ ಹಣೆಯ ಮುದಿ ಹಸುವೊಂದು ಬಾಗಿಲಲ್ಲೇ ಅಡ್ಡ ನಿಂತಿತು. ಬಾಗಿಲ ಮೇಲೆ, ಫೆಬ್ರವರಿಯಲ್ಲಿ ಸಂತ ಬ್ರಿಜಿಡಳ ಹಬ್ಬಕ್ಕೆ ಡೀಲಿಯಾ ಜೊಂಡಿನಲ್ಲಿ ಹೆಣೆದ ಶಿಲುಬೆ ತೂಗುತ್ತಿತ್ತು. ಅದರ ನಾಲ್ಕು ತುದಿಗೂ ಅವಳು ಕಟ್ಟುವ ಗಂಟು ಬೇರೆ ಯಾರಿಗೂ ಬಾರದು. ಎರಡು ಸುತ್ತು, ಒಂದು ಕುಣಿಕೆ, ಕುಣಿಕೆಯೊಳಗೆ ಇನ್ನೊಂದು ಕುಣಿಕೆ.

"ಬೆಳಿಗ್ಗೆ ಅತ್ತೆ ಕೋಲು ಊರಿಕೊಂಡು ಇಲ್ಲಿ ತನಕ ಬಂದಿದ್ರು," ಅಂದಳು ನೊರೀನ್ ಹಸುವನ್ನು ದಬ್ಬುತ್ತ. "ಹಸುಗಳಿಗೆ ಸಮಾಧಾನ ಹೇಳ್ಬೇಕು, ಯಂತ್ರದ ಸದ್ದಿಗೆ ಹೆದರ್ತವೆ ಅಂತ. ಪ್ರತಿ ವರ್ಷ ಇದೇ ಗೋಳು. ಜಾರಿ ಬಿದ್ದಿದ್ರೆ ಗತಿಯೇನು?"

"ನೆಲ ಒದ್ದೆ ಇರುತ್ತೆ. ನೀನು ಬಿಡ್ಬಾರ್ದಿತ್ತು."

"ಅವರನ್ನ ಬಿಡೋದು ಹಿಡಿಯೋದು ನನ್ನ ಕೈಲಿದೆಯಾ?"

ಸೆನನ್ ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು, ಕೊಟ್ಟಿಗೆಯ ಹೊರಗಿನ ತುದಿಯಲ್ಲಿ ಟ್ಯಾಂಕಿನ ಬಾಯಿ ತೆರೆದು, ಯಂತ್ರದ ಉದ್ದನೆಯ ತೋಳನ್ನು ಒಳಗೆ ಇಳಿಸಿದ. ಆಗಲೇ ನೊರೀನ್ ಆ ಮಾತು ಹೇಳಿದ್ದು.

"ಇದೇ ಕೊನೇ ಸಲ ಕಣೋ ಸೆನನ್."

"ಏನು ಕೊನೇ ಸಲ?"

"ನಿನಗೆ ತೊಂದರೆ ಕೊಡೋದು. ಟ್ಯಾಂಕ್ ಖಾಲಿಯಾದ ಮೇಲೆ ತಳಕ್ಕೆ ಕೊಳವೆ ಹಾಸ್ತಾರೆ. ಗೋಡೆಗೆ ಒಂದು ಊದೋ ಯಂತ್ರ. ಗುಳ್ಳೆ ಎದ್ದೂ ಎದ್ದೂ ವರ್ಷವೆಲ್ಲ ತಾನೇ ಕಲಕಿಕೊಳ್ಳುತ್ತೆ. ಮುಂದಿನ ವಾರ ಬರ್ತಾರೆ."

ಸೆನನ್ ಆಗಲೇ ಬಿಗಿದಿದ್ದ ಕೊಂಡಿಯನ್ನು ಇನ್ನೊಮ್ಮೆ ಬಿಗಿದ. ವರ್ಷಕ್ಕೊಮ್ಮೆ ಅರ್ಧ ಗಂಟೆ, ಹುರಿ ಸಿಕ್ಕಿದರೆ ಒಂದು ಗಂಟೆ, ಅಷ್ಟಕ್ಕೇ ಅವನು ಉಳಿದ ದಿನಗಳನ್ನೆಲ್ಲ ದೂಡುತ್ತಿದ್ದ. ಅದನ್ನೂ ಈಗ ಗುಳ್ಳೆಗಳು ತಿಂದುಹಾಕುತ್ತವೆ. ಹೇಳುವುದಿದ್ದರೆ ಇವತ್ತೇ ಹೇಳಬೇಕು. ಅವನು ಯಂತ್ರ ಶುರುಮಾಡಿ, ಗೇಟಿನ ಹತ್ತಿರ ಬಂದು ಅವಳ ಪಕ್ಕ ನಿಂತ. ಕಿಟಕಿಯಲ್ಲಿ ಡೀಲಿಯಾ ಗಡಿಯಾರ ತಿರುಗಿಸಿದಳು.

ಕೊಟ್ಟಿಗೆಯ ಕೆಳಗಿಂದ ಹೊಟ್ಟೆ ಕೆಟ್ಟ ದೈತ್ಯನ ಹಾಗೆ ಗುಡುಗುಡು ಸದ್ದು ಎದ್ದಿತು. ಸೆನನ್ ಗಂಟಲು ಸರಿಮಾಡಿಕೊಂಡ.

"ಆ ಗುಳ್ಳೆ ಯಂತ್ರಗಳನ್ನ ನಂಬಕ್ಕಾಗಲ್ಲ."

"ಯಾಕೆ?"

"ಕರೆಂಟು ಹೋದ್ರೆ?"

"ಮತ್ತೆ ಬರುತ್ತಲ್ಲ."

"ಕೊಳವೆ ಕಟ್ಟಿಕೊಂಡ್ರೆ?"

"ಅವರೇ ಬಂದು ಬಿಡಿಸಿಕೊಡ್ತಾರಂತೆ."

"ಸದ್ದು ಮಾಡುತ್ತೆ. ದಿನವೆಲ್ಲ ಗುಳುಗುಳು ಅಂತ. ನಿನಗೆ ನಿದ್ದೆ ಬರಲ್ಲ."

"ಅತ್ತೆ ಗೊರಕೆಗಿಂತ ಜೋರಾ?"

ಸೆನನ್ ಗೇಟಿನ ತುಕ್ಕನ್ನು ಉಗುರಿನಿಂದ ಕೆರೆದ. ನೊರೀನ್ ಅವನ ಮುಖವನ್ನೇ ನೋಡುತ್ತಿದ್ದಳು, ಇನ್ನೇನಾದರೂ ಬರುತ್ತದೆಯೋ ಎಂದು. ಬಂತು.

"ಬೆಳಿಗ್ಗೆ ರೇಡಿಯೋ ಕೇಳಿದ್ಯಾ? ಹೋನನ್ ಹೋದನಂತೆ."

"ಪಾಪ. ಯಾವ ಹೋನನ್?"

"ಕುಂಟು ಕತ್ತೆ ಸಾಕಿದ್ನಲ್ಲ, ಅವನು."

"ಅವನು ಹೋದ ವರ್ಷವೇ ಹೋಗಿದ್ದ. ನೀನೇ ಹೇಳಿದ್ದೆ, ಇದೇ ಗೇಟಲ್ಲಿ ನಿಂತು."

"ಅದು ತಮ್ಮ. ಇವನು ಅಣ್ಣ."

"ಮತ್ತೆ ಕತ್ತೆ?"

"ಕತ್ತೆ ಚೆನ್ನಾಗಿದೆ."

ಕತ್ತೆಯ ಕ್ಷೇಮಸಮಾಚಾರವೂ ಮುಗಿಯಿತು. ಅಷ್ಟರಲ್ಲಿ ಕಿಟಕಿಯಲ್ಲಿ ಗಡಿಯಾರ ಕಿರುಗುಟ್ಟಿತು. ಅರ್ಧ ಗಂಟೆ ಇಷ್ಟು ಬೇಗ ಮುಗಿಯುವುದನ್ನು ಸೆನನ್ ಜನ್ಮದಲ್ಲಿ ನೋಡಿರಲಿಲ್ಲ. ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಸಾಯುವ ಮುಂಚೆ ಒಂದು ನೇರವಾದ ಮಾತು ಆಡದಿದ್ದರೆ ತನಗೂ ಆ ಕತ್ತೆಗೂ ಏನು ವ್ಯತ್ಯಾಸ?

"ಹುರಿ ಇನ್ನೂ ಸಿಕ್ಕಿಲ್ವೇನೋ?" ಎಂದು ಡೀಲಿಯಾಳ ದನಿ ಗಾಳಿಯಲ್ಲಿ ತೇಲಿ ಬಂತು.

"ಸಿಕ್ಕಿದ ಹಾಗೆ ಕಾಣುತ್ತೆ," ಎಂದು ಸೆನನ್ ಯಾರಿಗೂ ಅಲ್ಲದ ಹಾಗೆ ಹೇಳಿ, ಟ್ರ್ಯಾಕ್ಟರಿನ ಕಡೆ ಅವಸರದಲ್ಲಿ ನಡೆದ.

ಈಗ ನಿಜ ಹೇಳಿಬಿಡುವುದು ಒಳ್ಳೆಯದು. ನೊರೀನ್ ಟ್ಯಾಂಕಿನಲ್ಲಿ ಕೆಲವು ವರ್ಷ ನಿಜವಾಗಿಯೂ ಹುರಿ ಸಿಗುತ್ತಿತ್ತು, ರೆಕ್ಕೆಗೆ ಸಿಕ್ಕಿ ಚೂರುಚೂರಾಗಿ. ಆ ವರ್ಷಗಳನ್ನು ಸೆನನ್ ದೇವರ ದಯೆ ಎಂದುಕೊಳ್ಳುತ್ತಿದ್ದ. ದೇವರಿಗೆ ಬಿಡುವಿಲ್ಲದ ವರ್ಷಗಳಿಗೆಂದು ಅವನ ಜೇಬಿನಲ್ಲಿ ಒಂದು ಮೊಳ ನೀಲಿ ನೈಲಾನ್ ಹುರಿ ಇರುತ್ತಿತ್ತು. ಯಂತ್ರ ನಿಲ್ಲಿಸಿ, ತೋಳು ಮೇಲೆತ್ತಿ, ಬೆನ್ನು ಅಡ್ಡ ಕೊಟ್ಟು ಸ್ವಲ್ಪ ಹೊತ್ತು ಹೆಣಗಾಡಿದಂತೆ ಮಾಡಿ, ಜೇಬಿನಿಂದ ಹುರಿ ತೆಗೆದು ದೂರದಿಂದಲೇ ಎತ್ತಿ ತೋರಿಸಿದರೆ ಕೆಲಸವಾಯಿತು. ನಿಯಮದಲ್ಲಿ ಅಷ್ಟು ಮಡಿ, ಹುರಿಯಲ್ಲಿ ಇಷ್ಟು ಮೋಸ.

ಇವತ್ತೂ ಯಂತ್ರ ನಿಲ್ಲಿಸಿ ತೋಳು ಎತ್ತಿದ. ರಾಡಿ ಧಾರೆಯಾಗಿ ಸುರಿಯಿತು. ಅವನ ಕೈ ಜೇಬಿಗೆ ಹೋಗಿದ್ದೇ ತಡ, ಕಣ್ಣು ರೆಕ್ಕೆಯ ಮೇಲೆ ಬಿದ್ದಿತು. ಅಲ್ಲಿ ನಿಜವಾದ ಹುರಿ ಸುತ್ತಿಕೊಂಡಿತ್ತು, ಈ ಸಲ ಇಡಿಯಾಗಿ. ಹಳೆಯ ಕಾಲದ ಕೆಂಪು ಹುರಿ, ಹೆರಳಿನ ಹಾಗೆ ಬಿಗಿಯಾಗಿ ಹೆಣೆದದ್ದು. ಉಂಡೆಯಿಂದ ಕಳಚಿ ಬಿದ್ದ ಹುರಿ ತನ್ನನ್ನು ತಾನೇ ಹೆಣೆದುಕೊಳ್ಳುವುದಿಲ್ಲ. ಯಾರೋ ಕೂತು ಹೆಣೆದು, ಸಂದಿನಿಂದ ಕೆಳಗೆ ಇಳಿಬಿಟ್ಟಿದ್ದಾರೆ. ಸೆನನ್‌ನ ಕಿವಿ ಬಿಸಿಯಾಯಿತು. ಯಾರೋ ಏನು, ಈ ಮನೆಯಲ್ಲಿ ಹೆಣೆಯಲು ಬರುವ ಕೈಗಳು ಎಷ್ಟಿವೆ? ನೊರೀನ್ ಅಲ್ಲದೆ ಇನ್ನಾರು? ಅವನಿಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು. ಕುಣಿಯಲಿಲ್ಲ, ನೆಲ ಜಾರುತ್ತಿತ್ತು. ಕೆಂಪು ಹುರಿಯನ್ನು ಬಿಡಿಸಿ ಬೆನ್ನ ಹಿಂದೆ ಹಿಡಿದುಕೊಂಡ. ಟ್ಯಾಂಕಿನ ಬಾಯಿಗೆ ಮುಚ್ಚಳ ಎಳೆದ. ಸಂತೋಷದಲ್ಲೂ ಮುಚ್ಚಳ ಮರೆಯುವ ಮನುಷ್ಯನಲ್ಲ. ಇನ್ನೊಂದು ಕೈಯಲ್ಲಿ ರೂಢಿಯಂತೆ ನೀಲಿ ಹುರಿ ಹಿಡಿದು ಗೇಟಿಗೆ ಬಂದ.

"ಸಿಕ್ತು," ಎಂದು ನೀಲಿಯನ್ನು ತೋರಿಸಿದ.

ನೊರೀನ್ ಅದನ್ನು ತೆಗೆದುಕೊಂಡು ಬೆರಳಿಗೆ ಸುತ್ತಿ ನೋಡಿದಳು.

"ಇದು ಎಷ್ಟು ವರ್ಷದ್ದು ಸೆನನ್?"

"ಅಂದ್ರೆ?"

"ಟ್ಯಾಂಕಿನ ತಳದಿಂದ ಬಂದಿದೆ ಅಂತ ತೋರಿಸ್ತೀಯ. ಒಂದು ವರ್ಷನಾದ್ರೂ ಇದು ಒದ್ದೆಯಾಗಿತ್ತಾ?"

ಸೆನನ್ ತನ್ನ ಕೈ ನೋಡಿಕೊಂಡ. ಇಷ್ಟು ವರ್ಷ ಗಾಳಿಯ ದಿಕ್ಕು, ಬಾಗಿಲ ಅಗುಳಿ, ಹಕ್ಕಳೆಯ ದಪ್ಪ ಎಲ್ಲವನ್ನೂ ಲೆಕ್ಕ ಹಾಕಿದವನಿಗೆ ಹುರಿಯನ್ನು ರಾಡಿಯಲ್ಲಿ ಒಮ್ಮೆ ಅದ್ದಬೇಕೆಂದು ಹೊಳೆದಿರಲಿಲ್ಲ.

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?"

"ಹೇಳಿದ್ರೆ ಎರಡನೇ ಅರ್ಧ ಗಂಟೆ ಸಿಗ್ತಿತ್ತಾ?"

ಗಾಳಿ ಇಬ್ಬರ ಮುಖಕ್ಕೂ ಸಮನಾಗಿ ಬೀಸಿತು. ಸೆನನ್ ಏನೋ ಹೇಳಲು ಹೋಗಿ, ಮತ್ತೆ ಅಡ್ಡದಾರಿ ಹಿಡಿದ. "ಹಂಗಾದ್ರೆ ಆ ಗುಳ್ಳೆ ಯಂತ್ರ ಯಾಕೆ?"

"ಯಾಕೆ ಅಂತ ಕೇಳ್ತೀಯಲ್ಲ!" ನೊರೀನ್ ದನಿ ಏರಿತು. "ನೀನು ರಾಡಿ ನೋಡಕ್ಕೆ ಬರ್ತೀಯೋ ನನ್ನ ನೋಡಕ್ಕೆ ಬರ್ತೀಯೋ, ನನಗೆ ಹೆಂಗೆ ಗೊತ್ತಾಗ್ಬೇಕು? ಕಲಕೋ ಕೆಲಸ ಇಲ್ದೇ ಇದ್ರೂ ಬರ್ತಾನಾ ನೋಡೋಣ ಅಂತ ತರಿಸ್ತಿದೀನಿ. ಈಗ ಹೇಳು, ನಿನ್ನ ಮನೆ ಟ್ಯಾಂಕ್ ಕಲಕ್ತೀಯಲ್ಲ, ಆಗ ಎರಡನೆಯವರು ಯಾರು ನಿಲ್ತಾರೆ?"

ಈ ಪ್ರಶ್ನೆಯನ್ನು ಊರಿನಲ್ಲಿ ಇದುವರೆಗೂ ಯಾರೂ ಕೇಳಿರಲಿಲ್ಲ. ಸೆನನ್ ಗಮ್ ಬೂಟಿನ ತುದಿಯಿಂದ ಮಣ್ಣು ಕೆದಕಿದ.

"ಬ್ರಾನ್."

"ನಾಯಿ?"

"ಬುದ್ಧಿವಂತ ನಾಯಿ."

"ಊರಿಗೆಲ್ಲ ಪಾಠ ಹೇಳ್ತೀಯ, ಒಬ್ಬನೇ ಕಲಕಬೇಡಿ ಅಂತ. ನೀನು ಬಿದ್ರೆ ನಾಯಿ ಫೋನ್ ಮಾಡುತ್ತಾ? ಹಾಂ? ಸಂಜೆ ತನಕ ಯಾರಿಗೂ ಗೊತ್ತೇ ಆಗಲ್ಲ! ನಾನಿಲ್ಲಿ ರೇಡಿಯೋದಲ್ಲಿ ನಿನ್ನ ಹೆಸರು ಕೇಳ್ಬೇಕಾ?" ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋಗಿ, ಕೈಯಲ್ಲಿ ನೀಲಿ ಹುರಿ ಇದ್ದದ್ದು ಕಂಡು ಅದನ್ನು ಅವನ ಎದೆಗೆ ಎಸೆದಳು. "ನಾಯಿಯಂತೆ ನಾಯಿ!"

ತನಗಾಗಿ ಯಾರಾದರೂ ಇಷ್ಟು ಸಿಟ್ಟಾಗಿ ಎಷ್ಟು ಕಾಲವಾಗಿತ್ತೋ, ಸೆನನ್‌ಗೆ ನೆನಪಿರಲಿಲ್ಲ. ಆ ಬೈಗುಳ ಅವನಿಗೆ ಬಿಸಿ ಬ್ರೆಡ್ಡಿನಷ್ಟು ಹಿತವಾಯಿತು. ಬಾಯಿಯ ಬೀಗ ಕಳಚಿತು.

"ಎರಡನೆಯವರು ಬೇಕು ನೊರೀನ್," ಅಂದ. "ಟ್ಯಾಂಕಿಗೆ ಮಾತ್ರ ಅಲ್ಲ. ಬೆಳಿಗ್ಗೆ ಎದ್ದಾಗ, ಚಹಾ ಕುಡಿಯುವಾಗ, ಎಲ್ಲದಕ್ಕೂ. ನೀನೇ ಬೇಕು."

ಕಿಟಕಿಯಿಂದ ಡೀಲಿಯಾ ಅರ್ಧ ಮೈ ಹೊರಚಾಚಿ ಕೂಗಿದಳು. "ಏನಂದ? ಲೇ ನೊರೀನ್, ಏನಂದ ಅವನು?"

ನೊರೀನ್‌ನ ಮುಖ ಒಂದು ಗಳಿಗೆ ಅರಳಿ, ಆ ದನಿ ಕೇಳಿ ಬಾಡಿತು. "ಅತ್ತೆ ಇದ್ದಾರಲ್ಲೋ. ಇರೋ ಒಬ್ಬ ಮಗ ಹೋದ. ಅವನ ಹೆಂಡತಿ ಇನ್ನೊಬ್ಬನ ಕೈ ಹಿಡಿದಳು ಅಂದ್ರೆ ಆ ಜೀವ ತಡಕೊಳ್ಳಲ್ಲ. ಅವರನ್ನ ನೋಯಿಸಿ ನನಗೆ ಯಾವ ಸುಖವೂ ಬೇಡ."

"ಆದ್ರೆ ಇದನ್ನ ಹಾಕಿದ್ದು ನೀನೇ ಅಲ್ವಾ?" ಸೆನನ್ ಬೆನ್ನ ಹಿಂದಿನಿಂದ ಕೆಂಪು ಹುರಿ ಮುಂದೆ ತಂದ. ಅದರಿಂದ ಇನ್ನೂ ರಾಡಿ ತೊಟ್ಟಿಕ್ಕುತ್ತಿತ್ತು.

"ನಾನಾ? ನಾನ್ಯಾಕೆ ಟ್ಯಾಂಕಿಗೆ ಹುರಿ ಹಾಕಲಿ?" ನೊರೀನ್ ಬಗ್ಗಿ ನೋಡಿದಳು. ಮೂಗು ಮುಚ್ಚಿಕೊಂಡು ಇನ್ನೂ ಹತ್ತಿರದಿಂದ ನೋಡಿದಳು. ತುದಿಯಲ್ಲಿ ಎರಡು ಸುತ್ತು, ಒಂದು ಕುಣಿಕೆ, ಕುಣಿಕೆಯೊಳಗೆ ಇನ್ನೊಂದು ಕುಣಿಕೆ. "ಸೆನನ್," ಅಂದಳು ಮೆಲ್ಲಗೆ. "ಇದು ಅತ್ತೆ ಗಂಟು."

ಇಬ್ಬರೂ ಒಟ್ಟಿಗೆ ಕಿಟಕಿಯ ಕಡೆ ತಿರುಗಿದರು. ಡೀಲಿಯಾಗೆ ಮಾತು ಕೇಳಿಸದಿದ್ದರೂ ಸೆನನ್ ಕೈಯಲ್ಲಿ ನೇತಾಡುವ ಕೆಂಪು ಕಾಣಿಸಿತು. ಸರಕ್ಕನೆ ಪರದೆ ಮುಚ್ಚಿಕೊಂಡಿತು. ಗಡಿಯಾರ ಸಿಂಕಿಗೆ ಬಿದ್ದ ಸದ್ದು ಗಾಳಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು.

ನೊರೀನ್ ನಗಲು ಶುರುಮಾಡಿದವಳು ನಿಲ್ಲಿಸಲಾರದೆ ಗೇಟು ಹಿಡಿದುಕೊಂಡಳು. ಹಸುಗಳಿಗೆ ಸಮಾಧಾನ ಹೇಳಲು ಪ್ರತಿ ವರ್ಷ ಕೋಲೂರಿಕೊಂಡು ಹೋಗುತ್ತಿದ್ದ ಮುದುಕಿ, ಸಂದಿನಿಂದ ಹುರಿ ಇಳಿಬಿಟ್ಟು ಬರುತ್ತಿದ್ದಳು. ಸೆನನ್ ದೇವರ ದಯೆ ಎಂದುಕೊಂಡಿದ್ದ ವರ್ಷಗಳೆಲ್ಲ ಇವಳದು.

ಒಳಗೆ ಹೋದರೆ ಮೇಜಿನ ಮೇಲೆ ಮೂರು ಬಟ್ಟಲು ಆಗಲೇ ಇಟ್ಟಿತ್ತು. ಡೀಲಿಯಾ ಅವರ ಕಡೆ ನೋಡದೆ ಸೋಡಾ ಬ್ರೆಡ್ಡಿಗೆ ಬೇಕಾದ್ದಕ್ಕಿಂತ ದಪ್ಪಗೆ ಬೆಣ್ಣೆ ಸವರುತ್ತಿದ್ದಳು.

"ಬೂಟು ಬಿಚ್ಚಿ ಬಾ," ಎಂದಳು ಸೆನನ್‌ಗೆ. "ಆ ಹೊಲಸು ಹುರಿ ಹೊರಗಿಡು."

"ಅತ್ತೆ," ಎಂದಳು ನೊರೀನ್.

"ಏನು ಅತ್ತೆ? ಚೂರು ಹುರಿ ಹಾಕಿ ಹಾಕಿ ಸಾಕಾಗಿ ಈ ಸಲ ಗಟ್ಟಿಯಾಗಿ ಹೆಣೆದೆ. ನನ್ನ ಬೆರಳು ನೋಡು, ಮಡಚಕ್ಕೆ ಬರಲ್ಲ. ಇವನು ಆ ಒಣ ಹುರಿ ಹಿಡ್ಕೊಂಡು ಕುಣಿಯೋದನ್ನ ನೋಡಿ ನೋಡಿ ನನ್ನ ಕಣ್ಣೂ ಹೋಯ್ತು." ಅವಳು ಬೆಣ್ಣೆಯ ಚಾಕು ಕೆಳಗಿಟ್ಟು, ಸೊಸೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ಕೊನೆಗೂ ಏನಂದ ಅವನು? ನನಗೆ ಒಂದಕ್ಷರ ಕೇಳಿಸ್ಲಿಲ್ಲ."

ನೊರೀನ್ ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದಳು. ಸೆನನ್ ಕಾಲುಚೀಲದ ತೂತು ಕಾಣದಂತೆ ಒಂದು ಪಾದದ ಮೇಲೆ ಇನ್ನೊಂದನ್ನು ಇಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದ. ಡೀಲಿಯಾ ಬಹಳ ಹೊತ್ತು ಗೋಡೆಯ ಮೇಲಿನ ಫ್ಲಾನನ್ ಪಟವನ್ನು ನೋಡಿದಳು.

"ಅವನಿಗೆ ನಾನು ಹೇಳ್ಕೋತೀನಿ ಬಿಡು," ಎಂದಳು. "ನಿಮ್ಮಿಬ್ಬರಿಗಿಂತ ಮುಂಚೆ ಅವನನ್ನ ನೋಡೋದು ನಾನೇ. ಹೆಂಗೂ ಆ ಪಂದ್ಯ ಗೆದ್ದಿದ್ದು ಯಾರು ಅಂತ ಹೇಳೋದು ಬಾಕಿ ಇದೆ. ಅದರ ಜತೆ ಇದನ್ನೂ ಹೇಳ್ತೀನಿ."